ಓದುಗರ ಪ್ರಶ್ನೆ: ಮುಂದಿನ ಪೋಕೆಮಾನ್ ಗೇಮ್ ಬಗ್ಗೆ ಫ್ಯಾನ್ಸ್ ಹೇಳೋ ಭವಿಷ್ಯ ಎಷ್ಟು ನಂಬ್ಬೋದು?

ಪ್ರಶ್ನೆ: "ಅಣ್ಣಾ, ನಾನು ಪಿಯುಸಿ ಓದ್ತಿದೀನಿ. ಮುಂದಿನ ಪೋಕೆಮಾನ್ ಗೇಮ್ ಹಿಂಗಿರತ್ತೆ ಹಂಗಿರತ್ತೆ ಅಂತ ದಿನಾ ಒಂದೊಂದು ವಿಡಿಯೋ ಕಣ್ಣಿಗೆ ಬೀಳತ್ತೆ. ಬ್ಲ್ಯಾಕ್ ಅಂಡ್ ವೈಟ್ ರಿಮೇಕ್ ಈ ವರ್ಷ ಪಕ್ಕಾ ಅಂತ ಕೇಳಿ ಕೇಳಿ ಮೂರು ವರ್ಷ ಆಯ್ತು. ಅದಕ್ಕೇ ಅಂತ ದುಡ್ಡು ಕೂಡಿಟ್ಕೊಂಡು ಬೇರೆ ಗೇಮ್ ಯಾವುದೂ ತಗೊಳ್ದೆ ಕಾಯ್ತಾ ಇದೀನಿ. ಇದ್ರಲ್ಲಿ ಯಾವುದು ನಿಜ ಆಗತ್ತೆ ಯಾವುದು ಆಗಲ್ಲ ಅಂತ ಮೊದ್ಲೇ ಗುರುತು ಹಿಡಿಯೋಕೆ ಆಗತ್ತಾ?"

ಅರ್ಧ ಆಗತ್ತೆ ತಮ್ಮಾ. ಈ ಸೀರೀಸ್ ಶುರುವಾಗಿದ್ದು 1996ರಲ್ಲಿ, ಆವತ್ತಿಂದ ಇವತ್ತಿನವರೆಗೂ ಫ್ಯಾನ್ಸ್ ಮುಂದಿನ ಗೇಮ್ ಬಗ್ಗೆ ಊಹೆ ಮಾಡ್ತಾನೇ ಇದಾರೆ, ಹಳೇ ಊಹೆಗಳನ್ನ ಒಂದೊಂದಾಗಿ ತೆಗೆದು ಆಮೇಲೆ ಏನಾಯ್ತು ಅಂತ ನೋಡಿದ್ರೆ ಒಂದು ವಿಷಯ ಚೆನ್ನಾಗಿ ಕಾಣತ್ತೆ: ಮುಂದಿನ ಗೇಮ್ "ಯಾವುದರ ಬಗ್ಗೆ" ಅನ್ನೋದನ್ನ ಫ್ಯಾನ್ಸ್ ತುಂಬಾ ಸಲ ಸರಿಯಾಗಿ ಹೇಳಿದಾರೆ, ಅದು "ಯಾವ ಹೆಸರಲ್ಲಿ, ಯಾವ ವರ್ಷ, ಯಾವ ರೂಪದಲ್ಲಿ" ಬರತ್ತೆ ಅನ್ನೋದನ್ನ ತಪ್ಪು ಹೇಳಿದಾರೆ. ಗೇಮ್ ಒಳಗೆ ಬಿಟ್ಟು ಹೋಗಿರೋ ಎಳೆಯನ್ನ ಹಿಡ್ಕೊಂಡು ಮಾಡಿದ ಊಹೆ ಒಂದು ಜಾತಿ, ಕ್ಯಾಲೆಂಡರ್ ಇಟ್ಕೊಂಡು ವರ್ಷ ಎಣಿಸಿ ಮಾಡಿದ ಊಹೆ ಇನ್ನೊಂದು ಜಾತಿ. ಮೊದಲನೇದಕ್ಕೆ ಬೆಲೆ ಕೊಡು. ಎರಡನೇದನ್ನ ನಂಬಿ ದುಡ್ಡು ಇಟ್ಕೊಂಡು ಕೂರಬೇಡ. ಯಾಕೆ ಅಂತ ಉದಾಹರಣೆ ಸಮೇತ ಹೇಳ್ತೀನಿ.

ನಿನಗೆ ಬ್ಲ್ಯಾಕ್ ಅಂಡ್ ವೈಟ್ ಇಷ್ಟ ಅಂದ್ಯಲ್ಲ, ಅಲ್ಲಿಂದಾನೇ ಶುರು ಮಾಡೋಣ, ಯಾಕಂದ್ರೆ ಪೋಕೆಮಾನ್ ಊಹೆಗಳ ಇತಿಹಾಸದಲ್ಲಿ ನನಗೆ ತುಂಬಾ ಇಷ್ಟವಾದ ಕಥೆ ಇರೋದು ಅಲ್ಲೇ. 2010ರ ಸೆಪ್ಟೆಂಬರಲ್ಲಿ ಜಪಾನಲ್ಲಿ ಬ್ಲ್ಯಾಕ್ ಮತ್ತು ವೈಟ್ ಬಂತು. ಆಗ ಎಲ್ಲರ ತಲೇಲೂ ಇದ್ದಿದ್ದು ಒಂದೇ ಲೆಕ್ಕ. ರೆಡ್ ಗ್ರೀನ್ ಆದ್ಮೇಲೆ ಯೆಲ್ಲೋ ಬಂತು, ಗೋಲ್ಡ್ ಸಿಲ್ವರ್ ಆದ್ಮೇಲೆ ಕ್ರಿಸ್ಟಲ್ ಬಂತು, ರೂಬಿ ಸಫೈರ್ ಆದ್ಮೇಲೆ ಎಮರಾಲ್ಡ್, ಡೈಮಂಡ್ ಪರ್ಲ್ ಆದ್ಮೇಲೆ ಪ್ಲಾಟಿನಂ, ಅಂದ್ರೆ ಎರಡು ಗೇಮ್ ಬಂದ್ರೆ ಮೂರನೇದೊಂದು ಅದೇ ಕಥೆಯನ್ನ ಸ್ವಲ್ಪ ತಿದ್ದಿ ತೀಡಿ ಬಂದೇ ಬರತ್ತೆ, ಹಾಗಾಗಿ ಕಪ್ಪು ಬಿಳಿ ಸೇರಿದ್ರೆ ಬೂದು, ಮುಂದಿನ ಗೇಮ್ ಹೆಸರು "ಪೋಕೆಮಾನ್ ಗ್ರೇ". ಇದು ಊಹೆ ಅಂತ ಯಾರಿಗೂ ಅನ್ನಿಸ್ಲೇ ಇಲ್ಲ, ಎಲ್ಲರೂ ಅದನ್ನ ಸುದ್ದಿ ಅನ್ನೋ ಥರಾನೇ ಮಾತಾಡ್ತಿದ್ರು. ಕವರ್ ಮೇಲೆ ಆ ಗೇಮಿನ ಮೂರನೇ ಡ್ರ್ಯಾಗನ್ ಕ್ಯೂರೆಮ್ ಇರತ್ತೆ ಅಂತಾನೂ ಹೇಳಿದ್ರು, ಜಪಾನಲ್ಲಿ 2011ರಲ್ಲಿ ನಿಂಟೆಂಡೋದ ಹೊಸ ಮಷೀನ್ 3ಡಿಎಸ್ ಬಂದ್ಮೇಲೆ ಗ್ರೇ ಅದರಲ್ಲೇ ಬರತ್ತೆ ಅಂತಾನೂ ಸೇರಿಸಿದ್ರು.

2012ರ ಫೆಬ್ರವರಿ 26ಕ್ಕೆ ಜಪಾನಿನ ಒಂದು ಟಿವಿ ಕಾರ್ಯಕ್ರಮದಲ್ಲಿ ಅನೌನ್ಸ್ ಆಯ್ತು. ಹೆಸರು ಗ್ರೇ ಅಲ್ಲ. ಒಂದು ಗೇಮೂ ಅಲ್ಲ. ಬ್ಲ್ಯಾಕ್ 2 ಮತ್ತು ವೈಟ್ 2. ಸೀರೀಸಿನ ಮೇನ್ ಗೇಮಲ್ಲಿ ನಂಬರ್ ಹಾಕಿ ಸೀಕ್ವೆಲ್ ಬಂದಿದ್ದು ಅದೇ ಮೊದಲು, ಕಥೆ ಎರಡು ವರ್ಷ ಮುಂದೆ ಹೋಗಿತ್ತು, ಹೀರೋ ಬೇರೆ, ಅದೇ ಊರುಗಳು ಬದಲಾಗಿದ್ವು, 3ಡಿಎಸ್ ಅಂಗಡಿಗೆ ಬಂದು ವರ್ಷ ಆಗಿದ್ರೂ ಗೇಮ್ ಬಂದಿದ್ದು ಹಳೇ ಡಿಎಸ್‌ಗೆ. ಫ್ಯಾನ್ಸ್ ಲೆಕ್ಕದಲ್ಲಿ ಹೆಸರು ತಪ್ಪು, ಸಂಖ್ಯೆ ತಪ್ಪು, ಮಷೀನ್ ತಪ್ಪು. ಆದ್ರೆ ಕವರ್ ಮೇಲೆ ಯಾರಿದ್ದ? ಕ್ಯೂರೆಮ್. ಒಂದರಲ್ಲಿ ಝೆಕ್ರೊಮ್ ಜೊತೆ ಸೇರಿದ ಬ್ಲ್ಯಾಕ್ ಕ್ಯೂರೆಮ್, ಇನ್ನೊಂದರಲ್ಲಿ ರೆಶಿರಾಮ್ ಜೊತೆ ಸೇರಿದ ವೈಟ್ ಕ್ಯೂರೆಮ್.

ಈ ಕ್ಯೂರೆಮ್ ಊಹೆ ಯಾಕೆ ಸರಿ ಹೋಯ್ತು ಅಂತ ಯೋಚನೆ ಮಾಡು. ಮೊದಲ ಗೇಮಲ್ಲೇ ಒಂದು ಪುರಾಣ ಹೇಳ್ತಾರೆ, ಹಿಂದೆ ಒಂದೇ ಒಂದು ಡ್ರ್ಯಾಗನ್ ಇತ್ತು, ಅವಳಿ ವೀರರು ಜಗಳ ಆಡ್ದಾಗ ಅದು ಎರಡಾಯ್ತು, ಒಂದು (ರೆಶಿರಾಮ್) ಸತ್ಯದ ಕಡೆ ಇನ್ನೊಂದು (ಝೆಕ್ರೊಮ್) ಆದರ್ಶದ ಕಡೆ. ಸರಿ, ಆದ್ರೆ ಲಕುನೋಸಾ ಅನ್ನೋ ಊರಲ್ಲಿ ಜನ ರಾತ್ರಿ ಆದ್ರೆ ಹೊರಗೇ ಬರಲ್ಲ, ಪಕ್ಕದ ದೊಡ್ಡ ಹಳ್ಳದಲ್ಲಿ ಏನೋ ಇದೆ ಅಂತ ಹೆದರ್ತಾರೆ, ಆ ಹಳ್ಳದೊಳಗೆ ಹೋದ್ರೆ ಮೂರನೇ ಡ್ರ್ಯಾಗನ್ ಒಂದು ಹಿಮದಲ್ಲಿ ಸುಮ್ನೆ ನಿಂತಿದೆ, ಲೆವೆಲ್ 75, ಹಿಡ್ಕೊಂಡು ಹೋಗು ಅಷ್ಟೇ, ಅದರ ಬಗ್ಗೆ ಮೇನ್ ಕಥೇಲಿ ಒಂದು ಮಾತೂ ಇಲ್ಲ. ಅದರ ಮೈ ನೋಡಿದ್ರೆ ಅರ್ಧ ಮುರಿದು ಹೋದ ಹಾಗಿದೆ. ಒಂದು ಡ್ರ್ಯಾಗನ್ ಎರಡು ತುಂಡಾದಾಗ ಉಳಿದ ಖಾಲಿ ಚಿಪ್ಪೇ ಇದು, ಹಾಗಾಗಿ ಇದು ಮತ್ತೆ ಆ ಎರಡರ ಜೊತೆ ಸೇರೋಕೆ ನೋಡತ್ತೆ ಅಂತ ಗಮನ ಇಟ್ಟು ಆಡಿದ ಯಾರಿಗಾದ್ರೂ ಹೊಳೀತಿತ್ತು. ಕಥೆ ಕಟ್ಟೋರು ಬಾಗಿಲು ಅರ್ಧ ತೆಗೆದು ಇಟ್ಟಿದ್ರು, ಫ್ಯಾನ್ಸ್ ಒಳಗೆ ಇಣುಕಿ ನೋಡಿದ್ರು. ಇದನ್ನ ನಾನು ಊಹೆ ಅಂತಲೂ ಕರೆಯಲ್ಲ, ಒಳ್ಳೇ ಓದು ಅಂತೀನಿ. ಗ್ರೇ ಅನ್ನೋ ಹೆಸರು ಮಾತ್ರ ಹಿಂದಿನ ನಾಲ್ಕು ಸಲ ಹಂಗಾಗಿತ್ತು ಅನ್ನೋ ಒಂದೇ ಕಾರಣಕ್ಕೆ ಹುಟ್ಟಿದ್ದು, ಗೇಮ್ ಒಳಗೆ ಅದಕ್ಕೆ ಬೇರೆ ಆಧಾರವೇ ಇರ್ಲಿಲ್ಲ.

ಇನ್ನು ನೀನು ಕೇಳಿದ ರಿಮೇಕ್ ವಿಷಯ. ರಿಮೇಕ್ ಊಹೆಗಳೆಲ್ಲ ಹುಟ್ಟೋದು ಹೀಗೆ: ಫೈರ್‌ರೆಡ್ ಲೀಫ್‌ಗ್ರೀನ್ 2004, ಹಾರ್ಟ್‌ಗೋಲ್ಡ್ ಸೋಲ್‌ಸಿಲ್ವರ್ 2009, ಒಮೇಗಾ ರೂಬಿ ಆಲ್ಫಾ ಸಫೈರ್ 2014. ಐದು ವರ್ಷ, ಐದು ವರ್ಷ. ಹಾಗಾದ್ರೆ ಡೈಮಂಡ್ ಪರ್ಲ್ ರಿಮೇಕ್ 2019ಕ್ಕೆ ಪಕ್ಕಾ ಅಂತ ಎಲ್ಲರೂ ಕೂತ್ರು, ಆ ಕಾಯುವಿಕೆ ಎಷ್ಟಿತ್ತು ಅಂದ್ರೆ ಯಾವ ಟ್ರೈಲರಲ್ಲಿ ಏನು ಕಂಡ್ರೂ, ಒಂದು ಗುಡ್ಡ ಕಂಡ್ರೂ ಒಂದು ಕಲ್ಲು ಕಂಡ್ರೂ "ಸಿನ್ನೋ ಕನ್ಫರ್ಮ್ಡ್" (ಸಿನ್ನೋ ಅಂದ್ರೆ ಡೈಮಂಡ್ ಪರ್ಲ್ ನಡೆಯೋ ಪ್ರದೇಶ) ಅನ್ನೋದು ಪೋಕೆಮಾನ್ ಆಡೋರ ಮಧ್ಯೆ ಗಾದೆ ಮಾತೇ ಆಗೋಯ್ತು. 2019ರಲ್ಲಿ ಬಂದಿದ್ದು ಸ್ವೋರ್ಡ್ ಮತ್ತು ಶೀಲ್ಡ್. ಸಿನ್ನೋ ಬಂದಿದ್ದು 2021ರ ನವೆಂಬರ್ 19ಕ್ಕೆ, ಅದೂ ಪೋಕೆಮಾನ್ ಗೇಮ್ ಮಾಡ್ತಾ ಬಂದಿರೋ ಗೇಮ್ ಫ್ರೀಕ್ ಕೈಯಲ್ಲಿ ಅಲ್ಲ, ಇಲ್ಕಾ ಅನ್ನೋ ಬೇರೆ ಸ್ಟುಡಿಯೋ ಮಾಡಿದ್ದು, ಗುಂಡು ತಲೆಯ ಪುಟಾಣಿ ಗೊಂಬೆಗಳ ಥರ ಕ್ಯಾರೆಕ್ಟರ್ ಇಟ್ಟು. ದೊಡ್ಡ ತ್ರೀಡಿ ಸಿನ್ನೋ ಕನಸು ಕಂಡಿದ್ದೋರು ತುಂಬಾ ಜನ ಬೇಜಾರು ಮಾಡ್ಕೊಂಡ್ರು, ಆದ್ರೆ ಆ ರಿಮೇಕ್ ಅನೌನ್ಸ್ ಆದ ದಿನವೇ, 2021ರ ಫೆಬ್ರವರಿ 26ಕ್ಕೆ, ಅದೇ ಸಿನ್ನೋದ ನೂರಾರು ವರ್ಷ ಹಿಂದಿನ ಕಾಲದಲ್ಲಿ ನಡೆಯೋ ಲೆಜೆಂಡ್ಸ್ ಆರ್ಸಿಯಸ್ ಅನೌನ್ಸ್ ಆಯ್ತು, ಅಂಥದ್ದೊಂದು ಗೇಮ್ ಬರತ್ತೆ ಅಂತ ಯಾವ ಪಟ್ಟೀಲೂ ನಾನು ನೋಡಿರ್ಲಿಲ್ಲ.

ಒಂದು ಗೇಮಿಂದ ಅದರ ರಿಮೇಕ್‌ಗೆ ಎಷ್ಟು ವರ್ಷ ಅಂತ ನೀನೇ ಲೆಕ್ಕ ಹಾಕಿ ನೋಡು, ಮೊದಲು 8, ಆಮೇಲೆ 10, ಆಮೇಲೆ 12, ಆಮೇಲೆ 15. ಇದ್ರಲ್ಲಿ ಸೂತ್ರ ಎಲ್ಲಿದೆ? ಐದು ವರ್ಷದ ಸೂತ್ರ ಮುರಿದಿದ್ದಕ್ಕೆ ಕಾರಣ ಕಣ್ಣೆದುರೇ ಇತ್ತು, ಮಷೀನ್ ಬದಲಾಯ್ತು. 2017ರಲ್ಲಿ ಸ್ವಿಚ್ ಬಂತು, ಸ್ಟುಡಿಯೋದವರೆಲ್ಲ ದೊಡ್ಡ ಪರದೆಗೆ ಗೇಮ್ ಮಾಡೋದು ಕಲೀಬೇಕಾಯ್ತು, 2018ರಲ್ಲಿ ಲೆಟ್ಸ್ ಗೋ ಪಿಕಾಚು ಮತ್ತು ಈವೀ ಬಂತು, ಅದು ಮತ್ತೆ ಮೊದಲ ಗೇಮಿನ ಪ್ರದೇಶ ಕಾಂಟೋಗೇ ಹೋಗಿತ್ತು. ಹಾಗಾದ್ರೆ ಗೋಲ್ಡ್ ಸಿಲ್ವರ್ ನಡೆಯೋ ಜೋಟೋಗೂ ಒಂದು ಲೆಟ್ಸ್ ಗೋ ಬರತ್ತೆ ಅಂತ ಇನ್ನೊಂದು ಊಹೆ ಹುಟ್ಕೊಂಡ್ತು, ಅದು ಬರ್ಲೇ ಇಲ್ಲ. ಎಷ್ಟು ಜನ ಖಾಲಿ ಇದಾರೆ, ಯಾವ ಮಷೀನ್ ಮಾರಬೇಕು, ಅನಿಮೆ ಯಾವ ಘಟ್ಟದಲ್ಲಿದೆ, ಕಾರ್ಡು ಆಟಿಕೆ ಎಲ್ಲ ಯಾವಾಗ ಅಂಗಡಿಗೆ ಹೋಗ್ಬೇಕು, ಇಂಥದ್ದರ ಮೇಲೆ ವರ್ಷ ನಿಂತಿರತ್ತೆ, ಹಿಂದಿನ ಎರಡು ಗೇಮ್ ನಡುವಿನ ಅಂತರದ ಮೇಲಲ್ಲ.

ನಿನ್ನ ಬ್ಲ್ಯಾಕ್ ವೈಟ್ ರಿಮೇಕ್ ಊಹೆ ಜೋರಾಗಿದ್ದು 2023ರ ಡಿಸೆಂಬರಿಂದ. ಆ ತಿಂಗಳು 14ಕ್ಕೆ ಸ್ಕಾರ್ಲೆಟ್ ವಯಲೆಟ್‌ನ ಎರಡನೇ ಡಿಎಲ್‌ಸಿ (ಗೇಮ್ ಬಂದ್ಮೇಲೆ ದುಡ್ಡು ಕೊಟ್ಟು ಸೇರಿಸ್ಕೊಳ್ಳೋ ಭಾಗ) ಇಂಡಿಗೋ ಡಿಸ್ಕ್ ಬಂತು, ಅದರಲ್ಲಿರೋ ಬ್ಲೂಬೆರ್ರಿ ಅಕಾಡೆಮಿ ಇರೋದು ಬ್ಲ್ಯಾಕ್ ವೈಟ್ ಕಥೆ ನಡೆಯೋ ಯುನೋವಾದ ಸಮುದ್ರದಲ್ಲಿ, ಅಲ್ಲಿ ಓದೋ ಲೇಸಿ ಹಳೇ ಜಿಮ್ ಲೀಡರ್ ಕ್ಲೇನ ಮಗಳು, ಡ್ರೇಟನ್ ಅಂತೂ ಇನ್ನೊಬ್ಬ ಹಳೇ ಜಿಮ್ ಲೀಡರ್ ಡ್ರೇಡನ್ ಮೊಮ್ಮಗ. ಇಷ್ಟೆಲ್ಲ ಸುಮ್ನೆ ಇಡ್ತಾರಾ, ಮುಂದಿನ ಗೇಮ್ ಯುನೋವಾನೇ ಅಂತ ಎಲ್ಲರೂ ಮಾತಾಡಿದ್ರು, ನಾನೂ ಅದನ್ನೇ ನಂಬಿದ್ದೆ, ಇವತ್ತಿಗೂ ಅದು ಕೆಟ್ಟ ಊಹೆ ಆಗಿತ್ತು ಅಂತ ನನಗನ್ನಿಸಲ್ಲ. 2024ರ ಫೆಬ್ರವರಿ 27, ಪೋಕೆಮಾನ್ ಡೇ, ನಮ್ಮ ಟೈಮಲ್ಲಿ ಸಂಜೆ ಏಳೂವರೆ. ನಾನು, ಚಿಕ್ಕಪ್ಪನ ಮಗ, ಅವನ ಫ್ರೆಂಡ್ ಒಬ್ಬ, ಮೂರು ಜನ ಒಂದು ಲ್ಯಾಪ್‌ಟಾಪ್ ಮುಂದೆ. ಕೊನೇಲಿ ನೀಲಿ ಗೆರೆಗಳಲ್ಲಿ ನಕ್ಷೆ ಥರ ಒಂದು ಊರು ಬಿಡಿಸ್ಕೊಳ್ತಾ ಬಂತು, ಗೆರೆಯಲ್ಲೇ ಪೋಕೆಮಾನ್‌ಗಳು ಓಡಾಡಿದ್ವು, ಮಧ್ಯೆ ಒಂದು ಎತ್ತರದ ಗೋಪುರ ನಿಂತ್ಕೊಂಡ್ತು, ಚಿಕ್ಕಪ್ಪನ ಮಗ ಕುರ್ಚಿಯಿಂದ ಎದ್ದು "ಲೂಮಿಯೋಸ್! ಅದು ಲೂಮಿಯೋಸ್ ಕಣೋ!" ಅಂತ ಕೂಗ್ದ. ಯುನೋವಾ ಅಲ್ಲ, ಎಕ್ಸ್ ಮತ್ತು ವೈ ಗೇಮಿನ ಪ್ರದೇಶ ಕಾಲೋಸ್, ಲೂಮಿಯೋಸ್ ಅಲ್ಲಿನ ದೊಡ್ಡ ಊರು. ಲೆಜೆಂಡ್ಸ್ ಝಡ್-ಎ. ಅವನಿಗೆ ಪೋಕೆಮಾನ್ ಎಕ್ಸ್ ಅಂದ್ರೆ ಪ್ರಾಣ, ಅವನ ಕಣ್ಣಲ್ಲಿ ನೀರು ಬಂದಿತ್ತು.

ಅವನಿಗೆ ಯಾಕೆ ಅಳು ಬಂತು ಅಂತ ಗೊತ್ತಾಗ್ಬೇಕಂದ್ರೆ ಇನ್ನೊಂದು ಊಹೆಯ ಕಥೆ ಹೇಳ್ಬೇಕು, "ಪೋಕೆಮಾನ್ ಝಡ್". ಎಕ್ಸ್ ಮತ್ತು ವೈ ಬಂದಿದ್ದು 2013ರ ಅಕ್ಟೋಬರ್ 12ಕ್ಕೆ, ಇಡೀ ಪ್ರಪಂಚಕ್ಕೆ ಒಂದೇ ದಿನ. ಎಕ್ಸಲ್ಲಿ ಝೆರ್ನಿಯಸ್, ವೈಯಲ್ಲಿ ಇವೆಲ್ಟಾಲ್, ಹಾಗೇ ಒಂದು ಗುಹೆಯ ಕೊನೇಲಿ ಕಥೆಯೇ ಇಲ್ದೆ ನಿಂತಿರೋ ಹಸಿರು ಹಾವಿನಂಥ ಝೈಗಾರ್ಡ್. ಹೆಸರು ಶುರುವಾಗೋದೇ ಝಡ್ಡಿಂದ. ಕ್ಯೂರೆಮ್ ಪಾಠ ಕಲಿತಿದ್ದ ಫ್ಯಾನ್ಸ್‌ಗೆ ಬೇರೆ ಏನು ಬೇಕು? ಇದೊಂದೇ ಅಲ್ಲ, ಎಕ್ಸ್ ವೈ ತುಂಬಾ ಬಾಗಿಲು ಅರ್ಧ ತೆಗೆದ ಗೇಮ್. ಕರೆಂಟ್ ತಯಾರು ಮಾಡೋ ಪವರ್ ಪ್ಲಾಂಟ್‌ಗಳಲ್ಲಿ ಒಂದರೊಳಗೆ ಮಾತ್ರ ಹೋಗ್ಬೋದು, ಉಳಿದ ಬಾಗಿಲುಗಳಿಗೆ ಬೀಗ. ಲೂಮಿಯೋಸ್‌ನ ಒಂದು ಆಫೀಸಲ್ಲಿ ಲೈಟ್ ಮಿಣಿಮಿಣಿ ಆಗಿ ಹಿಂದಿನಿಂದ ಒಬ್ಬಳು ಹುಡುಗಿ ತೇಲ್ಕೊಂಡು ಬಂದು "ಅಲ್ಲ, ನೀನಲ್ಲ" ಅಂತ ಹೇಳಿ ಮಾಯ ಆಗ್ತಾಳೆ, ಯಾಕೆ ಏನು ಒಂದೂ ಇಲ್ಲ. 3000 ವರ್ಷದಿಂದ ತನ್ನ ಪೋಕೆಮಾನ್ ಫ್ಲೋಎಟ್‌ನ ಹುಡುಕ್ತಾ ಅಲೆಯೋ ಎಝಡ್ ಅನ್ನೋ ಮುದುಕ ರಾಜ ಇದಾನೆ, ಅವನ ಆ ವಿಶೇಷ ಫ್ಲೋಎಟ್ ಗೇಮ್ ಡೇಟಾದೊಳಗೆ ಪೂರ್ತಿ ಇತ್ತು, ಆದ್ರೆ ಆಡೋರ ಕೈಗೆ ಯಾವತ್ತೂ ಕೊಡ್ಲಿಲ್ಲ. ಇಷ್ಟೆಲ್ಲ ಬಿಟ್ಟು ಹೋದ್ಮೇಲೆ ಜನ ಝಡ್ ಬರತ್ತೆ ಅಂತ ಕಾಯದೆ ಏನ್ ಮಾಡ್ತಾರೆ.

2015ರ ಸೆಪ್ಟೆಂಬರಲ್ಲಿ ಝೈಗಾರ್ಡ್‌ಗೆ ಹೊಸ ಹೊಸ ರೂಪ ಇವೆ ಅಂತ ತೋರಿಸಿದ್ರು, ಸೆಲ್, ಕೋರ್, ಶೇಕಡಾ 10, ಶೇಕಡಾ 50, ಪೂರ್ಣ ರೂಪ. ಮುಂದಿನ ತಿಂಗಳು ಅನಿಮೆ ಹೆಸರೇ ಎಕ್ಸ್ ವೈ ಅಂಡ್ ಝಡ್ ಆಯ್ತು. ಇನ್ನೇನು, ಮುಗೀತು ಅಂದ್ಕೊಂಡ್ರು. 2016ರ ಫೆಬ್ರವರಿ 26ಕ್ಕೆ ಅನೌನ್ಸ್ ಆಗಿದ್ದು ಸನ್ ಮತ್ತು ಮೂನ್. ಅದಕ್ಕೂ ಒಂದು ದಿನ ಮುಂಚೆ ಯುರೋಪಿನ ಟ್ರೇಡ್‌ಮಾರ್ಕ್ ದಾಖಲೆಯಲ್ಲಿ ಆ ಲೋಗೋ ಸಿಕ್ಕಿಬಿದ್ದಿತ್ತು, ಆಗ್ಲೂ ಎಷ್ಟೋ ಜನ ನಂಬ್ಲಿಲ್ಲ, ಝಡ್ ಎಲ್ಲಿ ಅಂತ ಕೇಳ್ತಿದ್ರು. ಝೈಗಾರ್ಡ್‌ನ ಸನ್ ಮೂನ್ ನಡೆಯೋ ಅಲೋಲಾಗೆ ಕಳಿಸಿಬಿಟ್ರು, ಅಲ್ಲಿ ಅದರ ಸೆಲ್ಲುಗಳನ್ನ ಮೂಲೆ ಮೂಲೆಯಲ್ಲಿ ಹೆಕ್ಕಿ ಸೇರಿಸೋ ಕೆಲಸ ಕೊಟ್ರು, ಕಾಲೋಸ್ ಕಥೆ ಅಲ್ಲಿಗೇ ನಿಂತೋಯ್ತು. ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ ಅಂತಾರಲ್ಲ ಹಂಗೆ.

ಅದೇ ಝಡ್ 2025ರ ಅಕ್ಟೋಬರ್ 16ಕ್ಕೆ ಬಂತು. ಹನ್ನೆರಡು ವರ್ಷ. ಸ್ವಿಚ್ಚಲ್ಲೂ ಸ್ವಿಚ್ 2ರಲ್ಲೂ. ಕಾಲೋಸ್‌ಗೆ ವಾಪಸ್ ಹೋದ್ರು, ಝೈಗಾರ್ಡ್ ಕಥೆಯ ಮಧ್ಯಕ್ಕೆ ಬಂತು, ಎಝಡ್ ಬಂದ, ಡೇಟಾದಲ್ಲೇ ಮಲಗಿದ್ದ ಆ ಫ್ಲೋಎಟ್ ಕೊನೆಗೂ ಆಡೋರ ಕೈ ಸೇರ್ತು. ಫ್ಯಾನ್ಸ್ ಹೇಳಿದ್ದು ಸುಳ್ಳಾಯ್ತಾ ನಿಜ ಆಯ್ತಾ? "ಈ ಕಥೆ ಇನ್ನೂ ಮುಗಿದಿಲ್ಲ, ಮುಗಿಸೋಕೆ ಇವರು ವಾಪಸ್ ಬರ್ತಾರೆ" ಅನ್ನೋ ಮಾತು ನಿಜ ಆಯ್ತು, "2015ಕ್ಕೆ 3ಡಿಎಸ್ಸಲ್ಲಿ ಝಡ್ ಅನ್ನೋ ಮೂರನೇ ವರ್ಷನ್" ಅನ್ನೋ ಮಾತು ಸುಳ್ಳಾಯ್ತು. ಅನೌನ್ಸ್ ಆದ್ಮೇಲೂ ಇದೇ ಆಯ್ತು ನೋಡು, ಆರ್ಸಿಯಸ್ ಹಿಂದಿನ ಕಾಲದಲ್ಲಿ ನಡೆದಿತ್ತು ಅಂತ ಝಡ್-ಎನೂ ಹಿಂದಿನ ಕಾಲದ್ದೇ, ಊರನ್ನ ಹೊಸದಾಗಿ ಕಟ್ಟೋ ಯೋಜನೆ ಅಂತ ಬೇರೆ ಹೇಳಿದಾರೆ, 19ನೇ ಶತಮಾನದಲ್ಲಿ ಪ್ಯಾರಿಸ್‌ನ ಕೆಡವಿ ಕಟ್ಟಿದ ಥರಾನೇ ಅಂತ ಎಷ್ಟೋ ಜನ ಉದ್ದುದ್ದ ವಾದ ಮಾಡಿದ್ರು, ಓದೋಕೆ ತುಂಬಾ ಚೆನ್ನಾಗಿತ್ತು ಅದು. ಗೇಮ್ ಬಂದಾಗ ನೋಡಿದ್ರೆ ಎಕ್ಸ್ ವೈ ಆಗಿ ಐದು ವರ್ಷ ಆದ್ಮೇಲಿನ ಕಥೆ. ಒಂದೇ ಒಂದು ಲೆಜೆಂಡ್ಸ್ ಗೇಮ್ ನೋಡಿ ಅದನ್ನೇ ನಿಯಮ ಅಂತ ತಗೊಂಡಿದ್ದೇ ತಪ್ಪಾಗಿದ್ದು.

ಸ್ಟಾರ್ಟರ್ (ಗೇಮ್ ಶುರುವಲ್ಲಿ ಆರಿಸ್ಕೊಳ್ಳೋ ಮೊದಲ ಪೋಕೆಮಾನ್) ಊಹೆಗಳ ಬಗ್ಗೆನೂ ಹೇಳಿಬಿಡ್ತೀನಿ, ಯಾಕಂದ್ರೆ ವಿಡಿಯೋಗಳಲ್ಲಿ ಅವೇ ಜಾಸ್ತಿ. ಚೀನೀ ರಾಶಿಚಕ್ರದ ಥಿಯರಿ ನೀನೂ ಕೇಳಿರ್ತೀಯ. ಬೆಂಕಿ ಸ್ಟಾರ್ಟರ್‌ಗಳೆಲ್ಲ ಆ ಹನ್ನೆರಡು ಪ್ರಾಣಿಗಳಿಂದಾನೇ ಬರೋದು ಅಂತ. ಚಾರ್ಮಾಂಡರ್ ಡ್ರ್ಯಾಗನ್, ಸಿಂಡಾಕ್ವಿಲ್ ಇಲಿ, ಟಾರ್ಚಿಕ್ ಹುಂಜ, ಚಿಮ್‌ಚಾರ್ ಕೋತಿ, ಟೆಪಿಗ್ ಹಂದಿ, ಫೆನೆಕಿನ್ ನರಿ ಆದ್ರೂ ನಾಯಿ ಜಾತಿ ಅಂತ ಸೇರಿಸ್ಕೊಂಡ್ರು, ಲಿಟನ್ ಬೆಕ್ಕು ಆದ್ರೂ ಮೈ ಮೇಲೆ ಪಟ್ಟೆ ಇದೆ ಅಂತ ಹುಲಿ, ಸ್ಕಾರ್‌ಬನ್ನಿ ಮೊಲ. ಎಂಟು ಸಲ ಸರಿ ಬಂದಿದೆ, ಉಳಿದಿರೋದು ಎತ್ತು, ಹಾವು, ಕುದುರೆ, ಕುರಿ, ಈ ನಾಲ್ಕರಲ್ಲೇ ಒಂದು ಅಂತ ಒಂಬತ್ತನೇ ಜನರೇಷನ್‌ಗೆ ಜನ ಬೆಂಕಿ ಕುದುರೆ ಬೆಂಕಿ ಕುರಿ ಎಲ್ಲ ಬರೆದು ಬರೆದು ಇಟ್ಟಿದ್ರು, ಎಷ್ಟು ಚೆಂದದ ಚಿತ್ರ ಇದ್ವು ಗೊತ್ತಾ ಅವುಗಳಲ್ಲಿ. 2022ರ ಫೆಬ್ರವರಿ 27ಕ್ಕೆ ಬಂದಿದ್ದು ಫ್ಯುಕೋಕೋ, ಮೊಸಳೆ. ಮೊಸಳೆಗೂ ಹಾವಿಗೂ ದೂರದ ನೆಂಟಸ್ತಿಕೆ ಇದೆ ಅಂತ ಕೆಲವರು ಅದನ್ನೂ ಎಳೆದು ಸೇರಿಸೋಕೆ ನೋಡಿದ್ರು. ಈ ಥಿಯರಿಯ ದೌರ್ಬಲ್ಯ ಇಲ್ಲೇ ಇದೆ ನೋಡು, ನರಿ ನಾಯಿ ಆಗ್ಬೋದು, ಬೆಕ್ಕು ಹುಲಿ ಆಗ್ಬೋದು, ಮೊಸಳೆ ಹಾವಾಗ್ಬೋದು ಅಂದ್ರೆ ಯಾವ ಪ್ರಾಣಿ ಬಂದ್ರೂ ಅದು ಸರೀನೇ, ಏನು ಬಂದ್ರೂ ಸರಿ ಆಗೋ ಊಹೆ ನಿನಗೆ ಮುಂಚಿತವಾಗಿ ಏನನ್ನೂ ಹೇಳ್ತಾ ಇಲ್ಲ.

ಬೆಂಕಿ ಸ್ಟಾರ್ಟರ್ ಕೊನೆಗೆ ಫೈಟಿಂಗ್ ಟೈಪ್ ಆಗತ್ತೆ ಅನ್ನೋ ಭಯವೂ ಹಿಂಗೇ. ಬ್ಲೇಝಿಕೆನ್, ಇನ್ಫರ್ನೇಪ್, ಎಂಬೋರ್, ಸತತ ಮೂರು ಸಲ ಹಂಗಾಯ್ತು, ನಾಲ್ಕನೇ ಸಲ ಡೆಲ್ಫಾಕ್ಸ್ ಬೆಂಕಿ ಜೊತೆ ಸೈಕಿಕ್. ಇನ್ಸಿನರೋರ್ ನೋಡೋಕೆ ಅಪ್ಪಟ ಕುಸ್ತಿ ಪೈಲ್ವಾನ್, ಸೊಂಟಕ್ಕೆ ಬೆಲ್ಟ್ ಬೇರೆ, ಆದ್ರೆ ಅದೂ ಫೈಟಿಂಗ್ ಅಲ್ಲ, ಡಾರ್ಕ್. ಈವೀ ವಿಕಾಸಗಳಿಗೂ ಒಂದು ಲೆಕ್ಕ ಇತ್ತು, ಎರಡನೇ, ನಾಲ್ಕನೇ, ಆರನೇ ಜನರೇಷನಲ್ಲಿ ಹೊಸದು ಬಂತು, ಹಾಗಾಗಿ ಎಂಟನೇದರಲ್ಲಿ ಪಕ್ಕಾ ಅಂತ. ಎಂಟರಲ್ಲಿ ಹೊಸ ವಿಕಾಸ ಬರ್ಲಿಲ್ಲ, ಈವೀಗೆ ಉಬ್ಬಿದ ಜೈಗಾಂಟಮ್ಯಾಕ್ಸ್ ರೂಪ ಬಂತು ಅಷ್ಟೇ.

ಇದೆಲ್ಲ ಇವತ್ತಿನ ರೋಗ ಅಂದ್ಕೋಬೇಡ. ಇಂಟರ್ನೆಟ್ ಇನ್ನೂ ಅಂಬೆಗಾಲಿಡ್ತಿದ್ದಾಗ್ಲೇ "ಪಿಕಾಬ್ಲೂ" ಅಂತ ಒಂದು ದೊಡ್ಡ ಗುಲ್ಲೆದ್ದಿತ್ತು. 1998ರ ಒಂದು ಪೋಕೆಮಾನ್ ಕಿರುಚಿತ್ರದಲ್ಲಿ ದುಂಡಗಿನ ನೀಲಿ ಮರಿಯೊಂದು ಕಾಣಿಸ್ಕೊಂಡ್ತು, ಕಿವಿ ಬಾಲ ನೋಡಿ ಇದು ಪಿಕಾಚುವಿನ ನೀರಿನ ರೂಪ, ರೆಡ್ ಬ್ಲೂನಲ್ಲೇ ಗುಟ್ಟಾಗಿ ಸಿಗತ್ತೆ ಅಂತ ಮಕ್ಕಳೆಲ್ಲ ಹುಡುಕಿದ್ರು. ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಹಾಗೆ ಒಬ್ಬ ಹೇಳಿದ್ದಕ್ಕೆ ಇನ್ನೊಬ್ಬ ದಾರಿನೂ ಹೇಳಿಕೊಟ್ಟ. ಅದು ಮ್ಯಾರಿಲ್, 1999ರ ಗೋಲ್ಡ್ ಸಿಲ್ವರಲ್ಲಿ ಬರೋ ಪೋಕೆಮಾನ್, ಪಿಕಾಚುಗೂ ಅದಕ್ಕೂ ಸಂಬಂಧವೇ ಇಲ್ಲ. ಆದ್ರೆ "ಇದು ನಮ್ಮ 151 ಪೋಕೆಮಾನ್‌ಗಳಲ್ಲಿ ಇಲ್ಲ, ಹೊಸದೇನೋ ಬರ್ತಿದೆ" ಅನ್ನೋ ಅಷ್ಟು ಭಾಗ ನಿಜಾನೇ ಆಗಿತ್ತಲ್ವಾ. ಅನಿಮೆಯ ಮೊದಲ ಎಪಿಸೋಡಲ್ಲೇ, 1997ರ ಏಪ್ರಿಲ್ 1ಕ್ಕೆ, ಕಾಮನಬಿಲ್ಲು ಮೂಡಿದ ಆಕಾಶದಲ್ಲಿ ಹೊಳೆಯೋ ಒಂದು ಹಕ್ಕಿ ಹಾರಿ ಹೋಗಿತ್ತು, ನಮ್ಮಲ್ಲಿ 2000ರ ದಶಕದಲ್ಲಿ ಸ್ಕೂಲಿಂದ ಬಂದು ಟಿವಿ ಮುಂದೆ ಕೂತ್ಕೊಂಡು ನೋಡಿದ ಎಲ್ಲರಿಗೂ ಆ ಹಕ್ಕಿ ನೆನಪಿದೆ. ಹೋ-ಓ ಅದು. ಗೇಮಿಗೆ ಬಂದಿದ್ದು ಎರಡೂವರೆ ವರ್ಷ ಆದ್ಮೇಲೆ. ಹಾಗಾಗಿ ಕಂಪನಿಯೇ ತೋರಿಸಿದ ಚಿತ್ರದಲ್ಲಿ ಗುರುತಿಲ್ಲದ ಒಂದು ಪೋಕೆಮಾನ್ ಕಂಡ್ರೆ ಅದರ ಬಗ್ಗೆ ನಡೆಯೋ ಊಹೆಗೆ ಕಿವಿ ಕೊಡು ಅಂತ ಹೇಳ್ತೀನಿ.

ಈಗ ಲೀಕ್. ತುಂಬಾ ಜನ ಲೀಕನ್ನೂ ಪ್ರೆಡಿಕ್ಷನ್ನನ್ನೂ ಕಲಸಿ ಒಂದೇ ತಟ್ಟೇಲಿ ಬಡಿಸ್ತಾರೆ, ಅದು ಬೇರೆ ಇದು ಬೇರೆ. 2016ರ ಅಕ್ಟೋಬರಲ್ಲಿ ಸನ್ ಮೂನ್ ಡೆಮೋ ಬಿಟ್ಟಾಗ ಅದರ ಒಳಗಿನ ಫೈಲ್ ತೆಗೆದು ಹೆಚ್ಚುಕಡಿಮೆ ಎಲ್ಲ ಹೊಸ ಪೋಕೆಮಾನ್‌ಗಳನ್ನ ಹೊರಗೆ ಹಾಕಿದ್ರು, 2019ರಲ್ಲಿ ಸ್ವೋರ್ಡ್ ಶೀಲ್ಡ್ ಗೈಡ್ ಪುಸ್ತಕದ ಫೋಟೋ ಹೊರಗೆ ಬಂದಿದ್ದಕ್ಕೆ ಕಂಪನಿ ಕೋರ್ಟಿಗೇ ಹೋಯ್ತು. 2024ರ ಅಕ್ಟೋಬರಲ್ಲಿ ಆಗಿದ್ದು ಇನ್ನೂ ದೊಡ್ಡದು, ಗೇಮ್ ಫ್ರೀಕ್ ಸರ್ವರಿಗೆ ಆಗಸ್ಟಲ್ಲೇ ಯಾರೋ ನುಗ್ಗಿದ್ರು, ಹಳೇದು ಹೊಸದು ಎಲ್ಲ ಕಡತ ಹೊರಗೆ ಬಂತು, ಅದರ ಜೊತೆ ಅಲ್ಲಿ ಕೆಲಸ ಮಾಡೋರ ಹೆಸರು ಇಮೇಲ್ ವಿವರ 2,606 ಹೊರಗೆ ಹೋಯ್ತು ಅಂತ ಸ್ಟುಡಿಯೋನೇ ಹೇಳ್ತು. ಅದು ಕಳ್ಳತನ. ಅದನ್ನ ಓದಿ "ನಾನು ಮೊದ್ಲೇ ಹೇಳಿದ್ದೆ" ಅನ್ನೋದರಲ್ಲಿ ಏನು ಸುಖ ಇದೆ ನನಗೆ ಅರ್ಥ ಆಗಲ್ಲ. ನಾಲ್ಕೈದು ವರ್ಷ ಕೂತು ಗೇಮ್ ಮಾಡಿದೋರಿಗೆ ಅದನ್ನ ತಾವೇ ತೋರಿಸೋ ಸಂತೋಷ ಇರತ್ತಲ್ಲ, ಅದನ್ನ ಕಿತ್ಕೊಂಡ ಹಾಗಾಗತ್ತೆ.

ಇನ್ನೊಂದು ಮಾತು, ನಿಜವಾದ ಕಡತವೂ ಮುಂದಿನ ಗೇಮ್ ಅಲ್ಲ. ಗೋಲ್ಡ್ ಸಿಲ್ವರ್‌ನ 1997ರ ಡೆಮೋ 2018ರಲ್ಲಿ ಹೊರಗೆ ಬಂತು, ಅದನ್ನ ನೋಡಿದ್ರೆ ಅಚ್ಚರಿ ಆಗತ್ತೆ, ಬೆಂಕಿ ಸ್ಟಾರ್ಟರ್ ಒಂದು ಕರಡಿಮರಿ, ನೀರಿಂದು ಒಂದು ಸೀಲ್ ಥರದ ಮರಿ, ಮ್ಯಾಪ್ ಇಡೀ ಜಪಾನ್ ದೇಶದ ಆಕಾರ. ಎರಡು ವರ್ಷ ಆದ್ಮೇಲೆ ಬಂದ ಗೇಮಲ್ಲಿ ಕರಡಿನೂ ಇಲ್ಲ ಸೀಲೂ ಇಲ್ಲ. 1997ರಲ್ಲಿ ಯಾರಾದ್ರೂ ಆ ಡೆಮೋ ನೋಡ್ಕೊಂಡು ಭವಿಷ್ಯ ಹೇಳಿದ್ದಿದ್ರೆ, ಕಣ್ಣಾರೆ ಕಂಡು ಹೇಳಿದ್ದೂ ತಪ್ಪಾಗ್ತಿತ್ತು. ಮಾಡೋರೇ ಅಳಿಸಿ ಅಳಿಸಿ ಬರೀತಾ ಇರ್ತಾರೆ.

ಒಂದು ಊಹೆ ಮಾತ್ರ ನನಗೆ ಊಹೆ ಅನ್ನಿಸಲ್ಲ, ಆಸೆ ಅನ್ಸತ್ತೆ, ಅದು ಪ್ರತಿ ಸಲ ನಮ್ಮೋರು ಹೇಳೋ "ಮುಂದಿನ ರೀಜನ್ ಇಂಡಿಯಾ". ಜಪಾನಿನ ನಾಲ್ಕು ಭಾಗ ಆದ್ಮೇಲೆ ನ್ಯೂಯಾರ್ಕ್, ಫ್ರಾನ್ಸ್, ಹವಾಯಿ, ಬ್ರಿಟನ್, ಸ್ಪೇನ್ ಪೋರ್ಚುಗಲ್ ಎಲ್ಲ ಬಂದಿದೆ, ನಮ್ಮ ಕಡೆ ಇನ್ನೂ ಬಂದಿಲ್ಲ. ಬರತ್ತೆ ಅನ್ನೋದಕ್ಕೆ ಗೇಮ್ ಒಳಗೆ ಎಳೆ ಏನೂ ನನಗೆ ಕಂಡಿಲ್ಲ, ಹಾಗಾಗಿ ಅದನ್ನ ಪ್ರೆಡಿಕ್ಷನ್ ಅಂತ ಮಾರೋ ವಿಡಿಯೋ ನಂಬಬೇಡ. ಆಸೆ ಮಾತ್ರ ಇಟ್ಕೋ, ನಾನೂ ಇಟ್ಕೊಂಡಿದೀನಿ. ಈ ಸೀರೀಸ್ ಹುಟ್ಟಿದ್ದೇ ಸತೋಶಿ ತಜಿರಿ ಚಿಕ್ಕವಯಸ್ಸಲ್ಲಿ ಹುಳ ಹಿಡೀತಿದ್ದ ನೆನಪಿಂದ, ಬೆಂಕಿಪೊಟ್ಟಣದಲ್ಲಿ ಜೀರುಂಡೆ ಇಟ್ಕೊಂಡು ಕ್ಲಾಸಿಗೆ ಹೋದ ನಮ್ಮ ಮಲೆನಾಡಿನ ಹುಡುಗರಿಗೆ ಅದು ಹೇಳಿಕೊಡ್ಬೇಕಾಗಿಲ್ಲ. ಸಿಂಗಳೀಕ, ಮಂಗಟ್ಟೆ ಹಕ್ಕಿ, ಮರದಿಂದ ಮರಕ್ಕೆ ಹಾರೋ ಕೆಂದಳಿಲು, ಇವುಗಳಿಂದ ಎಂಥಾ ಪೋಕೆಮಾನ್ ಮಾಡ್ಬೋದು ಅಂತ ಯೋಚನೆ ಮಾಡಿದ್ರೇನೇ ಖುಷಿ ಆಗತ್ತೆ.

ಹಾಗಾದ್ರೆ ನೀನು ಒಂದು ವಿಡಿಯೋ ನೋಡ್ದಾಗ ಏನು ಮಾಡ್ಬೇಕು ಅಂದ್ರೆ, ಹೇಳ್ತಿರೋನು ಗೇಮಿನ ಯಾವ ಜಾಗ, ಯಾವ ಮಾತು, ಯಾವ ಪೋಕೆಮಾನ್ ತೋರಿಸಿ ಹೇಳ್ತಿದಾನೆ ಅಂತ ನೋಡು. ಬರೀ "ಹೋದ ಸಲ ಹಂಗಾಗಿತ್ತು, ಈ ಸಲಾನೂ ಹಂಗೇ" ಅಂದ್ರೆ ಅಲ್ಲಿಗೇ ಬಿಡು. ಅಲ್ಟ್ರಾ ಸನ್ ಅಲ್ಟ್ರಾ ಮೂನ್‌ಗೂ ಮುಂಚೆ "ಪೋಕೆಮಾನ್ ಸ್ಟಾರ್ಸ್" ಅಂತ ಸ್ವಿಚ್ಚಿಗೆ ಬರತ್ತೆ ಅಂತ ದೊಡ್ಡ ಸುದ್ದಿ ಸೈಟೇ ಬರೆದಿತ್ತು, ಬಂದಿದ್ದು 3ಡಿಎಸ್‌ಗೆ, ಎರಡು ಗೇಮ್ ಆಗಿ. ಸ್ವೋರ್ಡ್ ಶೀಲ್ಡ್ ಆದ್ಮೇಲೆ ಮೂರನೇ ವರ್ಷನ್ "ಗನ್" ಅನ್ನೋ ತಮಾಷೆ ಹೆಸರಿಂದ ಹಿಡಿದು ಏನೇನೋ ಓಡ್ತು, 2020ರ ಜನವರಿ 9ಕ್ಕೆ ನೋಡಿದ್ರೆ ಮೂರನೇ ವರ್ಷನ್ನೇ ಇಲ್ಲ, ಅದರ ಬದಲು ದುಡ್ಡು ಕೊಟ್ಟು ಸೇರಿಸ್ಕೊಳ್ಳೋ ಎಕ್ಸ್‌ಪ್ಯಾನ್ಷನ್ ಪಾಸ್. ಹೆಸರು ಮತ್ತು ವರ್ಷ, ಇವೆರಡನ್ನ ಯಾರೇ ಗಟ್ಟಿಯಾಗಿ ಹೇಳಿದ್ರೂ ಫೆಬ್ರವರಿ 27 ಬರೋವರೆಗೂ ಜೇಬಿಗೆ ಕೈ ಹಾಕಬೇಡ.

ಯುನೋವಾಗೆ ಒಂದಲ್ಲ ಒಂದು ದಿನ ವಾಪಸ್ ಹೋಗ್ತಾರೆ ಅಂತ ನನ್ನ ಮನಸ್ಸು ಹೇಳತ್ತೆ, ಡ್ರೇಟನ್ ಲೇಸಿ ಅವರನ್ನೆಲ್ಲ ಇಟ್ಟಿರೋದು ಅರ್ಧ ತೆಗೆದ ಬಾಗಿಲಿನ ಹಾಗೇ ಕಾಣತ್ತೆ. ಅದು ರಿಮೇಕ್ ಆಗಿರ್ಬೋದು, ಲೆಜೆಂಡ್ಸ್ ಆಗಿರ್ಬೋದು, ನಾವ್ಯಾರೂ ಯೋಚನೆ ಮಾಡದ ಇನ್ನೇನೋ ಆಗಿರ್ಬೋದು, ಕಾಲೋಸ್‌ಗೆ ಹನ್ನೆರಡು ವರ್ಷ ಹಿಡೀತು ಅನ್ನೋದನ್ನ ಮಾತ್ರ ಮರೀಬೇಡ. ಹಾಗಾಗಿ ಆ ಕೂಡಿಟ್ಟ ದುಡ್ಡನ್ನ ಸುಮ್ನೆ ಇಟ್ಕೊಂಡು ಕೂರಬೇಡ ತಮ್ಮಾ. ಸ್ವಿಚ್ ನಿನ್ನ ಹತ್ರ ಇದ್ರೆ ಸ್ಕಾರ್ಲೆಟ್ ಇಲ್ಲಾ ವಯಲೆಟ್ ತಗೋ, ಜೊತೆಗೆ ಅದರ ಡಿಎಲ್‌ಸಿ ತಗೋ, ಇಂಡಿಗೋ ಡಿಸ್ಕ್ ಅದರೊಳಗೇ ಬರತ್ತೆ. ಬ್ಲೂಬೆರ್ರಿಗೆ ಹೋದ್ಮೇಲೆ ಅಲ್ಲಿನ ಲೀಗಲ್ಲಿ ಎಲ್ಲಾ ಡಬಲ್ ಬ್ಯಾಟಲ್, ಅಂದ್ರೆ ಎರಡೆರಡು ಪೋಕೆಮಾನ್ ಒಟ್ಟಿಗೆ ಆಡೋ ಕಾಳಗ, ಸುಲಭ ಇಲ್ಲ, ಟೀಮ್ ಸರಿಯಾಗಿ ಕಟ್ಕೊಂಡು ಹೋಗು. ಡ್ರೇಟನ್‌ನ ಸೋಲಿಸಿದ್ಮೇಲೆ ನನಗೆ ಬರೆದು ಹೇಳು, ಯಾವ ಆರು ಪೋಕೆಮಾನ್ ಇಟ್ಕೊಂಡಿದ್ದೆ ಅಂತ.